ಮುಖಕ್ಕೆ ಮೂರು ಕೋಟು

“ನೋಡೇ, ಮುಖ ಅಂದ್ರೆ ಏನು? ಗೋಡೆ! ಮಧ್ಯದಲ್ಲಿ ಮೂಗು ಬಂದಿರೋ ಗೋಡೆ, ಅಷ್ಟೇ ವ್ಯತ್ಯಾಸ. ಗೋಡೆ ಯಾಕೆ ಬಿರುಕು ಬಿಡುತ್ತೆ? ತೇವ ಆರಿದ್ರೆ ಬಿಡುತ್ತೆ. ಚಳಿಗಾಲದಲ್ಲಿ ಮುಖ ಯಾಕೆ ಒಡೆಯುತ್ತೆ? ಅದೂ ತೇವ ಆರಿದ್ರೇನೇ. ಹಾಗಿದ್ಮೇಲೆ ಗೋಡೆಗೆ ಮಾಡೋದನ್ನೇ ಮುಖಕ್ಕೂ ಮಾಡಿದ್ರೆ ತಪ್ಪೇನು? ಆ ರೇಡಿಯೋದಲ್ಲಿ ಮಾತಾಡ್ತಾಳಲ್ಲ, ಚರ್ಮದ ಡಾಕ್ಟ್ರಮ್ಮ, ಪಾಪ ಒಳ್ಳೆಯವಳು. ಓಟ್ಸ್ ಅರೆದು ಹಚ್ಕೊಳ್ಳಿ, ಜೇನು ಹಚ್ಕೊಳ್ಳಿ, ಚಳಿ ಅಂತ ಮುದುರಿ ಕೂರಬೇಡಿ, ಓಡಾಡಿ, ಮುಖಕ್ಕೆ ರಕ್ತ ಏರ್ಲಿ ಅಂತ ಹೇಳ್ತಾಳೆ. ಎಲ್ಲಾ ಸರಿ. ಆದ್ರೆ ಅವಳಿಗೆ ಫಿನಿಶಿಂಗ್ ಗೊತ್ತಿಲ್ಲ! ಹಚ್ಚಿ ಸ್ವಲ್ಪ ಹೊತ್ತಿಗೇ ತೊಳ್ಕೊಳ್ಳಿ ಅಂತಾಳೆ. ಗೋಡೆಗೆ ಹಚ್ಚಿದ ಪುಟ್ಟೀನ ಹಸಿ ಇರುವಾಗ್ಲೇ ತೊಳೆಯೋ ಮೇಸ್ತ್ರೀನ ನೀನು ಎಲ್ಲಾದ್ರೂ ಕಂಡಿದೀಯಾ? ನಾನು ಈ ಕೈಯಲ್ಲಿ ಆಸ್ಪತ್ರೆ ಗೋಡೆ ನುಣುಪು ಮಾಡಿದೀನಿ, ಶಾಲೆ ಗೋಡೆ ನುಣುಪು ಮಾಡಿದೀನಿ. ಬ್ಯಾಂಕಿನ ಗೋಡೆ ಮೇಲೆ ಇವತ್ತಿಗೂ ನೊಣ ಕೂತ್ರೆ ಜಾರಿ ಬೀಳುತ್ತೆ! ಅಂಥದ್ರಲ್ಲಿ ಒಂದು ಗೇಣಗಲದ ಮುಖ ನನ್ನ ಕೈಲಿ ಆಗಲ್ವಾ? ಭಾನುವಾರ ಬೆಳಗ್ಗೆ ನೀನೇ ನನ್ನ ನೋಡಿ ‘ಯಾರು ಬೇಕಾಗಿತ್ತು?’ ಅಂತ ಕೇಳದಿದ್ರೆ ನಾನು ಮೇಸ್ತ್ರೀನೇ ಅಲ್ಲ!”

ಸೊಂಟದ ಮೇಲೆ ಕೈಯಿಟ್ಟು, ಕನ್ನಡಿಯ ಮುಂದೆ ನಿಂತು, ಎದುರಿಗೆ ಒಂದು ಸಭೆಯೇ ಕೂತಿದೆಯೇನೋ ಎಂಬಂತೆ ಈ ಭಾಷಣ ಬಿಗಿದವನು ಫಿನಿಶಿಂಗ್ ಮೇಸ್ತ್ರಿ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಬಣ್ಣ ಬಳಿಯಲು ಹೋದ ಮನೆಯಲ್ಲೆಲ್ಲ, ಕೆಲಸ ಮುಗಿಯಿತೇ ಎಂದು ಯಾರು ಕೇಳಿದರೂ “ಮುಗೀತು, ಫಿನಿಶಿಂಗ್ ಒಂದು ಬಾಕಿ” ಎನ್ನುತ್ತಿದ್ದುದರಿಂದ ಆ ಹೆಸರೇ ಅಂಟಿಕೊಂಡಿತು. ಗೋಡೆಗೆ ಅಂಟಿದ್ದನ್ನು ಕೆರೆದು ತೆಗೆಯಬಹುದು, ಮನುಷ್ಯನಿಗೆ ಅಂಟಿದ ಹೆಸರನ್ನು ತೆಗೆಯುವುದುಂಟೇ?

ಸಭೆಯಲ್ಲಿ ಇದ್ದವಳು ಹೆಂಡತಿ ಒಬ್ಬಳೇ. ಅವಳು ಮನೆಯಲ್ಲೇ ಬಟ್ಟೆ ಹೊಲಿದು ಕೊಡುವವಳು. ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು, ಹೊಲಿಗೆ ಯಂತ್ರ ತುಳಿಯುತ್ತ, ಭಾಷಣ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಕೊನೆಗೆ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿ ಹೇಳಿದಳು:

“ಗೋಡೆಗೆ ಬಾಯಿ ಇರಲ್ಲ ರೀ. ಅದೇ ಅದರ ದೊಡ್ಡ ಗುಣ.”

ಮೇಸ್ತ್ರಿಗೆ ಇಷ್ಟೊಂದು ಹುರುಪು ಬರಲು ಕಾರಣವಿತ್ತು. ಬೀದಿಯ ತುದಿಯಲ್ಲಿ ಒಂದು ಬಣ್ಣದ ಅಂಗಡಿ. ಅದರ ಯಜಮಾನಿ ಗಟ್ಟಿ ಹೆಂಗಸು. ಡಬ್ಬ ಎತ್ತುವುದರಿಂದ ಹಿಡಿದು ಫೋಟೋ ತೆಗೆಯುವವರೆಗೆ ಎಲ್ಲ ಕೆಲಸವೂ ತನ್ನ ಕೈಯಿಂದಲೇ ಆಗಬೇಕು ಎನ್ನುವವಳು. ಅವಳು ಅಂಗಡಿಯ ಮೇಲೆ ಬಾಗಿಲಿಗಿಂತ ಅಗಲವಾದ ಹೊಸ ಬೋರ್ಡು ಹಾಕಿಸುವವಳಿದ್ದಳು. “ಬೋರ್ಡಿಗೆ ನಿಜವಾದ ಕೆಲಸಗಾರರ ಮುಖ ಬೇಕು ಮೇಸ್ತ್ರಿ. ನೀವೂ ಬನ್ನಿ, ಏಣೀನೂ ಬರ್ಲಿ. ಭಾನುವಾರ ಬಿಸಿಲು ಬಂದ ಮೇಲೆ ಫೋಟೋ ತೆಗೀತೀನಿ” ಎಂದಿದ್ದಳು. ಅಷ್ಟೇ.

ಏಣಿ ಎಂದರೆ ಮೇಸ್ತ್ರಿಯ ಜೊತೆ ಕೆಲಸಗಾರ. ಏಣಿಯಂತೆಯೇ ಉದ್ದ, ಏಣಿಯಂತೆಯೇ ತೆಳ್ಳಗೆ. ಅವನು ಕೈ ಎತ್ತಿದರೆ ಸೀಲಿಂಗು, ಮೇಸ್ತ್ರಿ ಕೈ ಇಳಿಸಿದರೆ ನೆಲದಂಚಿನ ಪಟ್ಟಿ. ಇಬ್ಬರೂ ಸೇರಿದರೆ ಒಂದು ಗೋಡೆ. ಕೂದಲು ಕಪ್ಪಗಿದ್ದಾಗಿನಿಂದ ಒಂದೇ ಬಕೆಟ್ಟಿನಲ್ಲಿ ಬ್ರಷ್ ಅದ್ದಿದವರು. ಆದರೆ ಏಣಿಗೆ ಒಂದು ಅನ್ಯಾಯದ ಅನುಕೂಲವಿತ್ತು. ಚಳಿಗಾಲ ಬಂದರೆ ಊರೆಲ್ಲ ಒಡೆದರೂ ಅವನ ಮುಖ ಒಡೆಯುತ್ತಿರಲಿಲ್ಲ! ಏನೂ ಹಚ್ಚುತ್ತಿರಲಿಲ್ಲ, ಸರಿಯಾಗಿ ಒರೆಸಿಕೊಳ್ಳುತ್ತಲೂ ಇರಲಿಲ್ಲ. ಆದರೂ ಆಗತಾನೇ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಮೇಸ್ತ್ರಿಯದೋ, ತುಟಿ ಒಡೆದು, ಕೆನ್ನೆ ಸೀಳಿ, ಹಣೆಯ ಮೇಲೆ ಹೊಟ್ಟೆದ್ದು, ಸುಣ್ಣ ಕಾಣದೆ ಕಾಲ ಕಳೆದ ಕಾಂಪೌಂಡಿನಂತೆ ಆಗಿತ್ತು.

ಬೋರ್ಡಿನ ಮೇಲೆ ಬರುವುದು ಒಂದೇ ಮುಖ, ಅದು ನುಣುಪಾಗಿರುವವನ ಮುಖ ಎಂದು ಮೇಸ್ತ್ರಿ ತನಗೆ ತಾನೇ ತೀರ್ಮಾನಿಸಿಕೊಂಡುಬಿಟ್ಟ. ಹಾಗಂತ ಯಜಮಾನಿ ಹೇಳಿರಲಿಲ್ಲ. ಇವನು ಕೇಳಲೂ ಇಲ್ಲ.

“ಏಣಿ ಮುಖ ಬಂದ್ರೆ ಏನ್ರೀ ಆಯ್ತು? ಅವನೂ ನಮ್ಮವನೇ ತಾನೇ?” ಎಂದಳು ಹೆಂಡತಿ.

ಮೇಸ್ತ್ರಿ ಕಿಟಕಿಯಾಚೆ ನೋಡುತ್ತ, “ಈ ಬೀದೀಲಿ ನನ್ನ ಕೈ ತಾಗದ ಗೋಡೆ ಇಲ್ಲ ಕಣೇ. ಒಂದು ಗೋಡೆ ಮೇಲೂ ನಾನಿಲ್ಲ. ಬಣ್ಣ ಹಚ್ಚಿ ಹೊರಗೆ ಬಂದ್ಮೇಲೆ ‘ಹುಷಾರು, ಗೋಡೆ ಮುಟ್ಟಬೇಡಿ’ ಅಂತ ನನಗೇ ಹೇಳ್ತಾರೆ. ಒಂದೇ ಒಂದು ಸಲ, ನನ್ನ ಮುಖಾನೂ ಮೇಲೆ ಇರ್ಲಿ ಅಂತ ಆಸೆ” ಎಂದ.

ಯಂತ್ರ ತುಳಿಯುತ್ತಿದ್ದ ಅವಳ ಕಾಲು ನಿಂತಿತು. “ಆಯ್ತು, ಏನ್ ಬೇಕಾದ್ರೂ ಹಚ್ಕೊಳ್ಳಿ. ಉಪ್ಪುಕಾಗದ ಒಂದು ಮುಟ್ಟಬೇಡಿ” ಎಂದಳು. ಅಷ್ಟರಲ್ಲಾಗಲೇ ಅವನ ಜೇಬಿನಲ್ಲಿದ್ದ, ಗೋಡೆ ಉಜ್ಜುವ ಉಪ್ಪುಕಾಗದದ ತುಂಡು ಅವಳ ಕೈಗೆ ಬಂದಿತ್ತು.

ಶನಿವಾರ ಮೊದಲ ಪ್ರಯೋಗ. ಬಾಳೆಹಣ್ಣನ್ನು ಹಿಸುಕಿ, ಜೇನು ಬೆರೆಸಿ, ಅಡುಗೆಮನೆಯ ದೋಸೆ ತಿರುವುವ ಸಟ್ಟುಗದಿಂದ ಮುಖಕ್ಕೆ ಬಳಿದುಕೊಂಡ. ಡಾಕ್ಟ್ರಮ್ಮ ಓಡಾಡಿ ಎಂದಿದ್ದಾಳಲ್ಲ, ಹೊರಗೆ ಹೋಗಲು ನಾಚಿಕೆ, ಒಳಗೇ ನಿಂತಲ್ಲಿ ಓಡತೊಡಗಿದ. ಮೊಣಕಾಲು ಎದೆಗೆ ಬರಬೇಕು, ಹಿಮ್ಮಡಿ ಹಿಂದಕ್ಕೆ ಬಡಿಯಬೇಕು. ಗೂಡಿನಲ್ಲಿದ್ದ ಪಾತ್ರೆಗಳೂ ಅವನ ಜೊತೆ ಓಡತೊಡಗಿದವು! ನೆಲ ನಡುಗಿತು, ಅವನು ನಡುಗಿದ, ಅವನ ಮುಖ ನಡುಗಿತು, ಮುಖದ ಮೇಲಿದ್ದದ್ದು ಸುಮ್ಮನೆ ಇರುವುದುಂಟೇ? ಕೆನ್ನೆ ಬಿಟ್ಟು ಜಾರಿತು, ಗಲ್ಲಕ್ಕೆ ಬಂದು ತೂಗಾಡಿತು, ಆಮೇಲೆ ಮುದ್ದೆಯಾಗಿ ಹಾರಿ, ಹೆಂಡತಿ ಮೇಜಿನ ಮೇಲೆ ಕತ್ತರಿಸಲು ಹರಡಿದ್ದ ಗಿರಾಕಿಯ ಬಿಳಿ ಶರಟಿನ ಬಟ್ಟೆಯ ಮೇಲೆ ಪಚಕ್ಕೆಂದು ಕೂತಿತು.

ಹೆಂಡತಿ ಕತ್ತರಿ ಹಿಡಿದ ಕೈಯನ್ನು ಹಾಗೇ ಮೇಲಕ್ಕೆತ್ತಿ ನಿಂತಳು.

“ಇದು ಏನ್ರೀ?”

“ಬಾಳೆಹಣ್ಣು.”

“ನನಗೆ ಕಣ್ಣು ಕಾಣುತ್ತೆ. ಇದು ಹೆಡ್‌ಮಾಸ್ಟರ ಶರಟಿನ ಎದೆ. ಇಲ್ಲಿ ಜೇಬು ಬರಬೇಕು.”

“ತೊಳೆದ್ರೆ ಹೋಗುತ್ತೆ ಬಿಡೇ.”

“ನೀವು ಹೋಗ್ತೀರಾ ಮೊದ್ಲು?”

ಹೋದ. ಹಿತ್ತಲಿನ ಕಟ್ಟೆಯ ಮೇಲೆ ಕೂತು, ಕುತ್ತಿಗೆಯವರೆಗೂ ಇಳಿದಿದ್ದ ಜೇನನ್ನು ಒರೆಸಿಕೊಳ್ಳುತ್ತ ಯೋಚಿಸಿದ. ಬೇರೆಯವನಾಗಿದ್ದರೆ ಇದು ತನ್ನ ಕೆಲಸವಲ್ಲ ಎಂದು ಅಲ್ಲಿಗೇ ಕೈಬಿಡುತ್ತಿದ್ದ. ಆದರೆ ಮೇಸ್ತ್ರಿ ಜಾರಿದ ಬಣ್ಣಕ್ಕೆ ಹೆದರಿದವನಲ್ಲ. ಬಣ್ಣ ಜಾರಿದರೆ ಏನರ್ಥ? ಹಿಡಿತ ಇಲ್ಲ ಅಂತ! ಹಿಡಿತಕ್ಕೆ ಏನು ಹಾಕಬೇಕು? ಅವನು ಎದ್ದು ಹೋಗಿ, ಹಳೆಯ ಸಾಮಾನಿನ ಡಬ್ಬದೊಳಗಿಂದ ಮರದ ಗೋಂದಿನ ಹರಳುಗಳನ್ನು ತೆಗೆದು ನೀರಿಗೆ ಹಾಕಿಟ್ಟ.

“ಗೋಂದಾ? ಮುಖಕ್ಕಾ?” ಎಂದಳು ಹೆಂಡತಿ.

“ಮರದ್ದು ಕಣೇ! ಪೂರ್ತಿ ನೈಸರ್ಗಿಕ!”

“ಮರದ ಕುರ್ಚೀನೂ ನೈಸರ್ಗಿಕಾನೇ. ಅದನ್ನೂ ಹಚ್ಕೊಳ್ಳಿ.”

ಭಾನುವಾರ ಬೆಳಗಾಯಿತು. ಒಣ ಚಳಿ, ಚುರುಕು ಗಾಳಿ. ಬಣ್ಣದವರ ಭಾಷೆಯಲ್ಲಿ ಹೇಳುವುದಾದರೆ, ಹಚ್ಚಿದ್ದು ಹಚ್ಚಿದ ಹಾಗೆ ಆರುವ ದಿನ. ಮೇಸ್ತ್ರಿ ಬೋಗುಣಿಯಲ್ಲಿ ಓಟ್ಸ್ ಪುಡಿ, ಅಕ್ಕಿ ಹಿಟ್ಟು, ಮೊಟ್ಟೆಯ ಬಿಳಿ, ಚೂರು ಜೇನು, ಮತ್ತೆ ಆ ಗೋಂದಿನ ನೀರು ಸುರಿದು, ಬಲಕ್ಕೇ ತಿರುಗಿಸಿ ಕಲಸಿದ. ಎಡಕ್ಕೆ ತಿರುಗಿಸಿದರೆ ಗಂಟಾಗುತ್ತದಂತೆ. ಬಿಸಿನೀರಿನ ಬಟ್ಟೆಯಿಂದ ಮುಖ ಒರೆಸಿದ, ಅದು ಪ್ರೈಮರ್. ಪುಟ್ಟಿ ಬ್ಲೇಡಿನಿಂದ ಹಣೆಯಿಂದ ಕೆಳಕ್ಕೆ ಒಂದೇ ಏಟಿಗೆ ಎಳೆದ. ಆಹಾ! ಗಲ್ಲ, ಕೆನ್ನೆ, ಕಿವಿಯ ಬುಡ, ಒಂದೂ ಬಿಡಲಿಲ್ಲ.

ಗಿರಾಕಿಗೆ ಬಟ್ಟೆ ತಲುಪಿಸಲು ಹೊರಟಿದ್ದ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

“ಕಣ್ಣಿಗೆ ಜಾಗ ಬಿಟ್ಟಿದೀರಾ?”

“ಕಿಟಕಿಗೆ ಯಾರಾದ್ರೂ ಪುಟ್ಟಿ ಹಚ್ತಾರೇನೇ?”

“ಮೀಸೆ?”

“ಅದು ತೋಟ. ಅದರ ತಂಟೆಗೆ ಹೋಗಲ್ಲ.”

“ಡಾಕ್ಟ್ರಮ್ಮ ಸ್ವಲ್ಪ ಹೊತ್ತಿಗೇ ತೊಳೀಬೇಕು ಅಂದಿದಾಳೆ. ನಾನು ಬರೋ ಅಷ್ಟರಲ್ಲಿ ತೊಳ್ಕೊಂಡಿರಿ” ಎಂದು ಹೇಳಿ ಚೀಲ ಎತ್ತಿಕೊಂಡು ಹೋದಳು.

ತೊಳೆಯುವುದೇ? ಮೊದಲ ಕೋಟು ಆರಲೆಂದು ಮೇಸ್ತ್ರಿ ಹಿತ್ತಲಲ್ಲಿ ದಬದಬನೆ ನಡೆಯತೊಡಗಿದ. ಈ ಸಲ ಏನೂ ಜಾರಲಿಲ್ಲ! ಹಾರಿದ, ಕುಪ್ಪಳಿಸಿದ, ಬಗ್ಗಿ ಎದ್ದ. ಗೋಂದು ಮಾತು ಉಳಿಸಿಕೊಂಡಿತು. ಖುಷಿಯಿಂದ ಎರಡನೆಯ ಕೋಟು ಎಳೆದ. ಮತ್ತೆ ನಡೆದ. ಪಕ್ಕದ ಮನೆಯ ನಾಯಿ ಗೋಡೆಯಾಚೆಯಿಂದ ಇಣುಕಿ, ಬೊಗಳಬೇಕೋ ಬೇಡವೋ ತಿಳಿಯದೆ, ಬಾಲವನ್ನು ಮಡಿಚಿಕೊಂಡು ಮನೆಯೊಳಗೆ ಹೋಯಿತು. ಮೇಸ್ತ್ರಿಗೆ ನಗು ಬಂತು. ಆದರೆ ನಗು ಹೊಟ್ಟೆಯಲ್ಲಿ ಹುಟ್ಟಿ, ಎದೆಗೆ ಬಂದು, ಗಂಟಲವರೆಗೆ ಏರಿ, ಅಲ್ಲಿಂದ ಮುಂದೆ ಹೋಗಲು ದಾರಿ ಕಾಣದೆ ವಾಪಸು ಇಳಿಯಿತು. ಮುಖ ಕಲ್ಲಾಗಿತ್ತು!

ಆಗ ಬಂದ ಏಣಿ. ಇಸ್ತ್ರಿ ಮಾಡಿದ ಶರಟು, ಬಾಚಿದ ತಲೆ, ಕೈಯಲ್ಲಿ ಹೊಸ ಬ್ರಷ್. “ಅಣ್ಣಾ, ಹೊತ್ತಾಯ್ತು, ಹೋಗೋಣ್ವಾ” ಎನ್ನುತ್ತ ಹಿತ್ತಲಿಗೆ ಬಂದವನು ಅಲ್ಲೇ ನಿಂತ. ನೋಡಿದ. ಬಾಗಿ ಇನ್ನೊಮ್ಮೆ ನೋಡಿದ. ಮರುಗಳಿಗೆ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದು ಬಿದ್ದು ಬಿದ್ದು ನಗತೊಡಗಿದ. ಅದೂ ಎಂಥ ನಗು! ಉದ್ದ ಮನುಷ್ಯನಾದ್ದರಿಂದ ಕಾಲಿನಿಂದ ಹೊರಟ ನಗು ತಲೆ ತಲುಪಲು ಹೊತ್ತು ಹಿಡಿಯುತ್ತಿತ್ತು.

ಮೇಸ್ತ್ರಿಗೆ ಕೋಪ ಬಂತು. ಕೋಪಕ್ಕೆ ಹುಬ್ಬು ಗಂಟಿಕ್ಕಬೇಕಲ್ಲ, ಗಂಟಿಕ್ಕಿದ. ಚಟ್ ಎಂಬ ಸದ್ದಾಯಿತು.

ಏಣಿಯ ನಗು ತಟ್ಟನೆ ನಿಂತಿತು. ಅವನು ಎದ್ದು ಬಂದು, ಮೇಸ್ತ್ರಿಯ ಗಲ್ಲ ಹಿಡಿದು, ಬೆಳಕಿನ ಕಡೆ ತಿರುಗಿಸಿ ಗಂಭೀರವಾಗಿ ನೋಡಿದ.

“ಅಣ್ಣಾ, ಬಿರುಕು ಬಿಟ್ಟಿದೆ.”

“ಎಲ್ಲಿ?” ಎಂದು ತುಟಿ ಅಲ್ಲಾಡಿಸದೆ ಕೇಳಿದ ಮೇಸ್ತ್ರಿ.

“ಹಣೆಯಿಂದ ಹೊರಟು ಮೂಗಿನ ಪಕ್ಕ ಇಳಿದಿದೆ. ಮೇಲಿನ ಬಿರುಕಲ್ಲ ಇದು. ತಳದಿಂದ ಬಂದಿದೆ.”

“ಎರಡು ಕೋಟಿನ ನಡುವೆ ಸರಿಯಾಗಿ ಆರಿಲ್ಲ ಅಂತೀಯಾ?”

“ಅದೇ. ನೀವು ಯಾವಾಗ್ಲೂ ಅವಸರ ಮಾಡ್ತೀರಿ. ಆಸ್ಪತ್ರೆ ಮೆಟ್ಟಿಲ ಗೋಡೆಗೂ ಹೀಗೇ ಆಗಿತ್ತಲ್ಲ.”

ಇಲ್ಲಿಂದ ಮುಂದೆ ನಡೆದದ್ದನ್ನು ಬೇರೆ ಯಾರಿಗೆ ಹೇಳಿದರೂ ನಂಬುವುದಿಲ್ಲ, ಬಣ್ಣದವರಿಗೆ ಹೇಳಿದರೆ ತಲೆದೂಗುತ್ತಾರೆ. ಒಂದು ಬಿರುಕು ಕಣ್ಣಿಗೆ ಬಿದ್ದರೆ ಈ ಇಬ್ಬರಿಗೂ ಅನ್ನ ಸೇರದು. ಬಸ್ಸಿಗೆ ಕಾಯುವಾಗಲೂ ನಿಲ್ದಾಣದ ಗೋಡೆಯ ಬಿರುಕನ್ನು ಉಗುರಿನಿಂದ ಕೆರೆದು ನೋಡುವವರು. ಅದು ಮುಖ, ಅದರ ಹಿಂದೆ ಮನುಷ್ಯ ಇದ್ದಾನೆ, ಆ ಮನುಷ್ಯ ತೊಳೆದುಕೊಂಡು ಫೋಟೋಗೆ ಹೋಗಬೇಕು, ಇದೊಂದೂ ಇಬ್ಬರಿಗೂ ನೆನಪಾಗಲಿಲ್ಲ. ಏಣಿ ಶರಟಿನ ತೋಳು ಮಡಿಚಿದ. ಮೇಸ್ತ್ರಿ ಬೋಗುಣಿ ಮುಂದಕ್ಕೆ ತಳ್ಳಿದ.

“ಬಿರುಕನ್ನ ಸ್ವಲ್ಪ ಅಗಲ ಮಾಡ್ಕೋ, ಆಮೇಲೆ ತುಂಬು.”

“ನನಗೆ ಹೇಳಿಕೊಡ್ಬೇಡಿ ಅಣ್ಣಾ.”

“ಗಟ್ಟಿಯಾಗಿ ಒತ್ತು. ಒಳಗೆ ಗಾಳಿ ನಿಲ್ಲಬಾರದು.”

“ನೀವು ಮಾತಾಡಿದ್ರೆ ಹೊಸಾದು ಬಿಡುತ್ತೆ. ಸುಮ್ನಿರಿ!”

ಏಣಿ ಬಿರುಕು ತುಂಬಿದ. ತುಂಬಿದ ಮೇಲೆ ಮಿಕ್ಕ ಜಾಗಕ್ಕೂ ಇದಕ್ಕೂ ಮಟ್ಟ ಬರಲಿಲ್ಲ. ಮಟ್ಟ ಬರಲೆಂದು ಪೂರ್ತಿ ಮುಖಕ್ಕೆ ಮೂರನೆಯ ಕೋಟು ಎಳೆದ. ಎಳೆಯುವಾಗ ಬ್ಲೇಡಿಗೆ ಮೀಸೆ ಅಡ್ಡ ಬಂತು. “ಇದೊಂದು ಉಬ್ಬು ಉಳೀತು ಅಣ್ಣಾ” ಎನ್ನುತ್ತ ಅದನ್ನೂ ಸೇರಿಸಿ ಮುಚ್ಚಿದ. ತೋಟ ಹೋಯಿತು! ಮೇಸ್ತ್ರಿ “ಊಂ, ಊಂ” ಎಂದ. ಅದು ಒಪ್ಪಿಗೆ ಎಂದುಕೊಂಡ ಏಣಿ ಅಂಚನ್ನೂ ತಿದ್ದಿದ. ಆಮೇಲೆ ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿ, ಇನ್ನೂ ಏನೋ ಸಾಲದು ಎನ್ನಿಸಿ ಒಳಗೆ ಹೋದ. ಹೊಲಿಗೆಯ ಪೆಟ್ಟಿಗೆಯಲ್ಲಿ, ನೂಲು ಸಿಕ್ಕಾಗದಿರಲೆಂದು ಅದಕ್ಕೆ ಉಜ್ಜುವ ಮೇಣದ ಉಂಡೆ ಇತ್ತು. ಅದನ್ನು ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡಿ, ಮುಖ ಒಂದು ಮಟ್ಟಕ್ಕೆ ಆರಿದ ಮೇಲೆ, ಮೆತ್ತನೆ ಬಟ್ಟೆಯಿಂದ ಪಾಲಿಶ್ ಹೊಡೆದ.

ಅಂಥ ಫಿನಿಶಿಂಗ್ ಅವರಿಬ್ಬರೂ ಸೇರಿ ಯಾವತ್ತೂ ಕೊಟ್ಟಿರಲಿಲ್ಲ. ಏಣಿ ಕನ್ನಡಿ ಹಿಡಿದ. ಮೇಸ್ತ್ರಿ ನೋಡಿದ. ಸುಕ್ಕಿಲ್ಲ, ಹೊಟ್ಟಿಲ್ಲ, ಗೆರೆ ಇಲ್ಲ. ಮೊಟ್ಟೆಗೆ ಕಣ್ಣು ಬರೆದ ಹಾಗಿತ್ತು. ಅವನ ಕಣ್ಣಲ್ಲಿ ನೀರಾಡಿತು.

“ಅಣ್ಣಾ, ನಿಜ ಹೇಳ್ತೀನಿ” ಎಂದ ಏಣಿ, “ಬೋರ್ಡ್ ಮೇಲೆ ನಿಮ್ಮ ಮುಖಾನೇ ಬರ್ಲಿ. ನನಗೇನೂ ಆಗಬೇಕಾಗಿಲ್ಲ.”

ಮೇಸ್ತ್ರಿಗೆ ಚುರ್ ಎಂದಿತು. ಇವನಿಗೆ ತಿಳಿಯಬಾರದೆಂದೇ ತಾನು ಹಿತ್ತಲಲ್ಲಿ ಕದ್ದು ಹಚ್ಚಿಕೊಂಡದ್ದು! ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಬಾಯಿ ತೆರೆಯಲು ಹೋದ. ಬಾಯಿ ತೆರೆಯಲಿಲ್ಲ. ಆಗ ಅವನಿಗೆ ಮೊದಲ ಸಲ ಹೊಳೆಯಿತು, ಇದನ್ನು ತೆಗೆಯಬೇಕು ಅಂತ.

ಚೊಂಬಿನಲ್ಲಿ ನೀರು ಸುರಿದರು. ಕೆಸುವಿನೆಲೆಯ ಮೇಲೆ ಬಿದ್ದಂತೆ ಹನಿಹನಿಯಾಗಿ ಉರುಳಿ ಹೋಯಿತು. ಬಿಸಿನೀರು ಸುರಿದರು. ಅದೂ ಉರುಳಿತು. ಏಣಿ ಉಗುರಿನಿಂದ ಕೆರೆದು ನೋಡಿದ, ಉಗುರು ಸವೆಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

“ಕೆಲಸ ತುಂಬಾ ಚೆನ್ನಾಗಿ ಬಂದುಬಿಟ್ಟಿದೆ ಅಣ್ಣಾ” ಎಂದ ಏಣಿ ಸಣ್ಣ ದನಿಯಲ್ಲಿ.

ಅದೇ ಹೊತ್ತಿಗೆ ಹೆಂಡತಿ ವಾಪಸು ಬಂದಳು. ಅವಳು ಕಿರುಚಲಿಲ್ಲ, ಓಡಲಿಲ್ಲ. ಚೀಲ ಕೆಳಗಿಟ್ಟು, ಗಂಡನ ಸುತ್ತ ಒಂದು ಸುತ್ತು ಬಂದಳು.

“ಯಾರು ಬೇಕಾಗಿತ್ತು?”

“ನ್ಹಾನು ಕ್ಹಣೇ!” ಎಂದಿತು ಮುಖದ ಒಳಗಿನ ದನಿ.

“ತೊಳ್ಕೊಂಡಿರಿ ಅಂತ ಹೇಳಿ ಹೋಗಿದ್ದೆ.”

“ಇರುಕು ಇಟ್ಟಿತ್ತು...”

“ಏನು?”

“ಬಿರುಕು ಬಿಟ್ಟಿತ್ತು ಅಂತ ಹೇಳ್ತಿದಾರೆ ಅತ್ತಿಗೆ” ಎಂದು ಏಣಿ ಬಿಡಿಸಿ ಹೇಳಿದ. “ಅದಕ್ಕೆ ನಾನೇ...” ಎಂದವನು ಅವಳ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ. ಅವಳ ಕಣ್ಣು ಅವನ ಕೈಯಲ್ಲಿದ್ದ ಮೇಣದ ಉಂಡೆಯ ಮೇಲಿತ್ತು.

“ಒಬ್ಬರಿಗೆ ಬುದ್ಧಿ ಇಲ್ಲ ಅಂದ್ರೆ ಇನ್ನೊಬ್ಬರಾದ್ರೂ ತರಬೇಕು. ಇಬ್ಬರೂ ಎಲ್ಲೋ ಇಟ್ಟು ಬಂದಿದೀರಲ್ಲ! ಏಣಿ, ಒಲೆ ಮೇಲೆ ನೀರಿಡು. ರೀ, ಕುರ್ಚಿ ಮೇಲೆ ಕೂತ್ಕೊಳ್ಳಿ. ಉಸಿರಾಡ್ತಿದೀರಾ? ಹಾಗಾದ್ರೆ ಪರವಾಗಿಲ್ಲ.”

ಬಣ್ಣದವರ ವಿದ್ಯೆ ಮುಗಿದಲ್ಲಿ ಹೊಲಿಗೆಯವಳ ವಿದ್ಯೆ ಶುರುವಾಯಿತು. ಬಟ್ಟೆಗೆ ಬಿದ್ದ ಮೇಣ ಹೇಗೆ ಹೋಗುತ್ತದೆ? ಬಿಸಿಗೆ ಕರಗಿ, ಮೇಲಿಟ್ಟ ಕಾಗದಕ್ಕೆ ಅಂಟಿ ಹೋಗುತ್ತದೆ. ಅವಳು ಒಂದು ಹಳೇ ಪೇಪರು ಹರಿದು ಗಂಡನ ಕೆನ್ನೆಗೆ ಹಚ್ಚಿ, ಇಸ್ತ್ರಿಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು.

ಮೇಸ್ತ್ರಿ ಕುರ್ಚಿಯ ಸಮೇತ ಎದ್ದ!

ಹಿತ್ತಲಲ್ಲಿ ಎರಡು ಸುತ್ತು ಓಟ. ಡಾಕ್ಟ್ರಮ್ಮ ಕಂಡಿದ್ದರೆ ಮೆಚ್ಚುತ್ತಿದ್ದಳು. ಚಳಿಗಾಲದಲ್ಲಿ ಅಷ್ಟು ಚುರುಕಾಗಿ ಆ ವಯಸ್ಸಿನವರು ಓಡುವುದು ಅಪರೂಪ. “ನಿಮ್ಮನ್ನ ಇಸ್ತ್ರಿ ಮಾಡಲ್ಲ ಕಣ್ರೀ! ಪೆಟ್ಟಿಗೆ ಮುಟ್ಟಿಸಲ್ಲ! ಒದ್ದೆ ಬಟ್ಟೆ ಬಿಸಿ ಮಾಡೋಕೆ ಅಷ್ಟೇ!” ಎಂದು ಹೆಂಡತಿ ಹಿಂದೆ ಹಿಂದೆ. “ಅಣ್ಣಾ, ಓಡಬೇಡಿ, ಮಟ್ಟ ಹಾಳಾಗುತ್ತೆ!” ಎಂದು ಏಣಿ ಅವಳ ಹಿಂದೆ. ಕೊನೆಗೆ ಏಣಿಯ ಉದ್ದ ಕೈಗೆ ಕುರ್ಚಿಯ ಕಾಲು ಸಿಕ್ಕಿತು. ಕೂರಿಸಿದರು. ಒದ್ದೆ ಬಟ್ಟೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ, ತನ್ನ ಮೊಣಕೈಗೆ ತಾಗಿಸಿ ಹದ ನೋಡಿ, ಹೆಂಡತಿ ಮುಖದ ಮೇಲೆ ಹಾಸಿದಳು. ಕಾಗದ ಒತ್ತಿ ಮೇಣ ತೆಗೆದಳು. ಮತ್ತೆ ಬಿಸಿ ಬಟ್ಟೆ. ಒಳಗೆ ಗೋಂದು ಮೆತ್ತಗಾಗುತ್ತಿತ್ತು, ಹೊರಗೆ ಚಳಿಗಾಳಿ ಒಣಗಿಸುತ್ತಿತ್ತು. ಎರಡರ ಜಗಳದಲ್ಲಿ ಮೇಸ್ತ್ರಿಯ ಮುಖ ಚಟಚಟ ಸದ್ದು ಮಾಡತೊಡಗಿತು. ಹಣೆಯಲ್ಲಿ ಒಂದು ಬಿರುಕು, ಅದರಿಂದ ನಾಲ್ಕು, ನಾಲ್ಕರಿಂದ ಹದಿನಾರು, ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳವೇ! ಒಣಗಿದ ಲೇಪದ ಒಂದೊಂದು ಹೆಕ್ಕಳವೂ ಎದ್ದು ನಿಂತು, ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು.

“ಮೇಸ್ತ್ರೀ! ಬಿಸಿಲು ಹೋಗ್ತಾ ಇದೆ, ಇನ್ನೂ ಬರ್ಲಿಲ್ಲ ಅಂತ ನಾನೇ...” ಎನ್ನುತ್ತ ಕೊರಳಲ್ಲಿ ಕ್ಯಾಮೆರಾ ತೂಗಿಸಿಕೊಂಡು ಬಣ್ಣದ ಅಂಗಡಿಯ ಯಜಮಾನಿ ಹಿತ್ತಲಿಗೆ ಕಾಲಿಟ್ಟಳು.

ಆಯಿತು, ಎಲ್ಲ ಮುಗಿಯಿತು. ಬೋರ್ಡು ಏಣಿಗೆ ಹೋಯಿತು! ಮೇಸ್ತ್ರಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಳ್ಳಲು ಹೋದ.

“ಅಲ್ಲಾಡಬೇಡಿ!” ಯಜಮಾನಿ ಕೂಗಿದಳು. “ಮುಟ್ಟಬೇಡಿ! ಹಾಗೇ ಇರಿ! ಒಂದು ಚೂರೂ ಬೀಳಬಾರದು! ಏಣಿ, ಪಕ್ಕಕ್ಕೆ ಸರಿ, ನೆರಳು ಬೀಳುತ್ತೆ.”

ಕ್ಲಿಕ್. ಕ್ಲಿಕ್. ಹತ್ತಿರ ಬಂದು ಕ್ಲಿಕ್. ಮಂಡಿಯೂರಿ ಕ್ಲಿಕ್.

“ಅಯ್ಯೋ ಮೇಸ್ತ್ರಿ, ನೀವು ದೊಡ್ಡ ಮನುಷ್ಯರು!” ಎಂದಳು ಎದ್ದು ನಿಂತು. “ಹೊಸದಾಗಿ ಬಿರುಕು ಮುಚ್ಚೋ ಪುಟ್ಟಿ ತರಿಸಿದೀನಿ. ಬೋರ್ಡ್ ಎಡಗಡೆ ‘ಹಚ್ಚುವ ಮೊದಲು’, ಬಲಗಡೆ ‘ಹಚ್ಚಿದ ನಂತರ’. ಚಳೀಲಿ ನಿಮ್ಮ ಮುಖ ಹೇಗೆ ಒಡೆದಿರುತ್ತೆ ಅಂತ ನೋಡಿದಾಗ್ಲೇ ‘ಮೊದಲು’ ಅನ್ನೋದಕ್ಕೆ ನೀವೇ ಸರಿ ಅಂತ ತೀರ್ಮಾನ ಮಾಡಿದ್ದೆ. ನೀವು ಎಲ್ಲಿ ಎಣ್ಣೆ ಗಿಣ್ಣೆ ಹಚ್ಕೊಂಡು ನುಣ್ಣಗೆ ಬಂದುಬಿಡ್ತೀರೋ ಅಂತ ರಾತ್ರಿಯೆಲ್ಲ ಹೆದರಿಕೆ. ನೀವು ನೋಡಿದ್ರೆ ಇಷ್ಟೊಂದು ಕಷ್ಟಪಟ್ಟು... ಏಣಿ, ಬಾ, ನಿಂದು ‘ನಂತರ’. ನಗು.”

ಏಣಿ ನಗಲಿಲ್ಲ. “ಅಣ್ಣಂದೂ ದೊಡ್ಡದಾಗಿ ಬರುತ್ತಾ?” ಎಂದು ಕೇಳಿದ. “ಇಬ್ಬರದೂ ಒಂದೇ ಅಳತೆ” ಎಂದು ಅವಳು ಹೇಳಿದ ಮೇಲೆಯೇ ಬಾಯಿ ತುಂಬ ನಕ್ಕ. ಕ್ಲಿಕ್.

ಅವಳು ಹೋದ ಮೇಲೆ ಹೆಕ್ಕಳಗಳು ಒಂದೊಂದಾಗಿ ಉದುರಿದವು. ಮೀಸೆ ಮಾತ್ರ ಬಿಡಲಿಲ್ಲ. ಹೆಂಡತಿ ನೂಲು ಕತ್ತರಿಸುವ ಪುಟ್ಟ ಕತ್ತರಿ ತಂದು, ಹೊಲಿಗೆ ಬಿಚ್ಚುವಷ್ಟೇ ನಾಜೂಕಾಗಿ ಅದನ್ನು ಪೂರ್ತಿ ತೆಗೆದುಹಾಕಿದಳು. ಕೊನೆಯ ಬಿಸಿ ಬಟ್ಟೆ ಸರಿಸಿದಾಗ ಏನು ಆಶ್ಚರ್ಯ! ಅಷ್ಟು ಹೊತ್ತು ಆವಿಯಲ್ಲಿ ಬೆಂದ ಮೇಸ್ತ್ರಿಯ ಮುಖ ಕೆಂಪಗೆ, ಮೆತ್ತಗೆ, ಎಣ್ಣೆ ಕುಡಿದ ಹೊಸ ಬಾಗಿಲಿನ ಹಾಗೆ ಹೊಳೆಯುತ್ತಿತ್ತು. ಬಿರುಕು ಎಂಬುದು ಹುಡುಕಿದರೂ ಇರಲಿಲ್ಲ!

“ಓಡಿ ಹೋಗಿ ಇನ್ನೊಂದು ಫೋಟೋ ತೆಗೆಸಿದ್ರೆ...” ಎಂದು ಎದ್ದ ಮೇಸ್ತ್ರಿ.

“ಕೂತ್ಕೊಳ್ಳಿ” ಎಂದರು ಇಬ್ಬರೂ ಒಟ್ಟಿಗೆ.

ಮುಂದಿನ ವಾರ ಬೋರ್ಡು ಏರಿತು. ಮೇಸ್ತ್ರಿ, ಹೆಂಡತಿ, ಏಣಿ ಮೂವರೂ ರಸ್ತೆಯ ಈಚೆ ನಿಂತು ಕತ್ತೆತ್ತಿ ನೋಡಿದರು. ಎಡಗಡೆ ಬಾಗಿಲಷ್ಟು ದೊಡ್ಡ ಮೇಸ್ತ್ರಿ, ತುಂಬ ಬಿರುಕು. ಬಲಗಡೆ ಅಷ್ಟೇ ದೊಡ್ಡ ಏಣಿ, ತುಂಬ ಹೊಳಪು. ಮೇಸ್ತ್ರಿಗೆ ಏನು ಅನ್ನಿಸಬೇಕೆಂದು ಅವನಿಗೇ ತಿಳಿಯಲಿಲ್ಲ. ಮುಖವೇನೋ ಮೇಲಿತ್ತು.

ತರಕಾರಿ ಚೀಲ ಹಿಡಿದ ಒಬ್ಬಳು ಅಜ್ಜಿ ಅವರ ಪಕ್ಕ ನಿಂತು, ಕನ್ನಡಕ ಸರಿಮಾಡಿಕೊಂಡು ಬೋರ್ಡನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಏಣಿಯನ್ನು ನೋಡಿದಳು. ಮತ್ತೆ ಬೋರ್ಡು. ಅವಳ ಮುಖ ಅರಳಿತು.

“ನೀನೇ ಅಲ್ವೇನಪ್ಪಾ ಅದು? ಪಾಪ, ಮೊದ್ಲು ಮುಖ ಹೇಗಿತ್ತು, ಈಗ ಹೇಗಾಗಿದೆ! ದೇವರು ಒಳ್ಳೇದು ಮಾಡ್ಲಿ!” ಎಂದು ಏಣಿಯ ಬೆನ್ನು ತಟ್ಟಿದಳು. ಅಷ್ಟಕ್ಕೇ ಬಿಡದೆ ಮೇಸ್ತ್ರಿಯ ಕಡೆ ತಿರುಗಿ, “ಜೊತೆಯಲ್ಲಿ ಬಂದಿದೀಯಾ? ಒಳ್ಳೇದಾಯ್ತು. ಕಷ್ಟದಲ್ಲಿ ಇದ್ದವರ ಜೊತೆ ಇರಬೇಕು” ಎಂದು ಹೇಳಿ ಹೋದಳು.

ಏಣಿ ನೆಲ ನೋಡಿದ. ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಆ ಕಡೆ ತಿರುಗಿದಳು. ಅವಳ ಬೆನ್ನು ಮಾತ್ರ ಕುಲುಕುತ್ತಿತ್ತು. ಮೇಸ್ತ್ರಿ ಮೇಲೆ ನೋಡಿದ, ಕೆಳಗೆ ನೋಡಿದ, ಮೀಸೆ ಇಲ್ಲದ ತುಟಿಯನ್ನು ಸವರಿಕೊಂಡ.

“ಏಣಿದೇ ಇರ್ಲಿ ಬಿಡು” ಎಂದ ಕೊನೆಗೆ. “ಎರಡು ಮುಖಾನೂ.”

“ಭಾಷಣ ಮನೇಲಿ ಕೊಡಿ. ಬಟ್ಟೆ ನೆನೆಸಿಟ್ಟು ಬಂದಿದೀನಿ” ಎಂದು ಹೆಂಡತಿ ಅವನ ತೋಳು ಹಿಡಿದು ಎಳೆದಳು.

ಮನೆಗೆ ಬಂದವನು, ಅವಳು ಒಗೆದು ಕೊಟ್ಟ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದ. ಎಳೆ ಬಿಸಿಲು ಬಿದ್ದಿತ್ತು. ಒಂದು ಹೊದಿಕೆಯ ಆ ತುದಿ ಅವಳು, ಈ ತುದಿ ಅವನು ಹಿಡಿದು ಹಿಂಡಿದರು. “ಇನ್ನೊಂದು ಸುತ್ತು ತಿರುಗಿಸಿ” ಎಂದಳು ಅವಳು. ತಿರುಗಿಸಿದ. ನೀರು ಸುರಿಯಿತು. ಕೊಡವಿ, ತಂತಿಯ ಮೇಲೆ ಹರವಿ, ಸುಕ್ಕಿಲ್ಲದಂತೆ ಅಂಗೈಯಿಂದ ಎಳೆದು, ಮೇಸ್ತ್ರಿ ಮುಂದಿನ ಬಟ್ಟೆಗೆ ಬಗ್ಗಿದ.